ಕೋಮಲಾಳ ಹುಂಜದ ಬಾಲ

ನನ್ನ ಓರಗಿತ್ತಿ ಕೋಮಲಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನಾಗಬೇಕು? ಒಂದೇ ಹಿತ್ತಿಲು, ಎರಡು ಒಲೆ. ನನ್ನ ಅವರೆ ಬಳ್ಳಿಗೆ ಹುಳ ಬಿದ್ದ ವರ್ಷವೂ ಅವಳದು ಚಪ್ಪರ ತುಂಬ ಕಾಯಿ. ಚರ್ಚಿನಲ್ಲಿ ಅವಳು ಹಾಡುವುದಕ್ಕೆ ನಿಂತರೆ ಪಾಸ್ಟರ್ ಕೂಡ ತಲೆದೂಗುತ್ತಾರೆ. ನಾನು ಹಾಡಿದರೆ ಕೆಮ್ಮುತ್ತಾರೆ.

ಹೊಳೆನರಸೀಪುರದ ನಮ್ಮ ಸಭೆಯಲ್ಲಿ ವರ್ಷಕ್ಕೊಮ್ಮೆ ಸುಗ್ಗಿ ಕಾಣಿಕೆ. ಬೆಳೆದದ್ದು, ಸಾಕಿದ್ದು ತಂದು ಆರಾಧನೆಯ ಮೇಜಿನ ಮುಂದೆ ಇಡುತ್ತೇವೆ. ಏಳು ವರ್ಷದಿಂದ ನಡುಮಧ್ಯದ ಜಾಗ ಕೋಮಲಾಳದ್ದೇ. ಯಾರೂ ಬರೆದುಕೊಟ್ಟಿರಲಿಲ್ಲ, ಆದರೂ ಅವಳದ್ದೇ. ಈ ಸಲ ಆ ಜಾಗ ನನಗೆ ಬೇಕೇ ಬೇಕಿತ್ತು.

ಅದಕ್ಕೆಂದೇ ರಾಗಿ ಹಾಕಿ ಒಂದು ಹುಂಜ ಬೆಳೆಸಿದೆ. ಅವಳೂ ಒಂದನ್ನು ಬೆಳೆಸಿದಳು. ಅವಳದಕ್ಕೆ ಮಿರಮಿರ ಮಿಂಚುವ ಉದ್ದನೆಯ ಬಾಲ. ನನ್ನದಕ್ಕೂ ಬಾಲ ಇತ್ತು, ಅಷ್ಟೇ.

ಹಬ್ಬದ ಹಿಂದಿನ ಭಾನುವಾರ ಪಾಸ್ಟರ್ ಕನಕರಾಜು ಹೇಳಿದರು: "ಹಿಂದೆ ಇಸ್ರಾಯೇಲರು ಬಲಿಗೆ ತರುವ ಪ್ರಾಣಿಯಲ್ಲಿ ಒಂದು ಊನವೂ ಇರಬಾರದಾಗಿತ್ತು." ಉಳಿದವರು ಏನು ಕೇಳಿಸಿಕೊಂಡರೋ ಕಾಣೆ. ನನ್ನ ಕಣ್ಣ ಮುಂದೆ ಬಂದದ್ದು ಕೋಮಲಾಳ ಹುಂಜದ ಬಾಲ.

ಶನಿವಾರ ಸಂಜೆ ಅವಳು ಡೈರಿಗೆ ಹಾಲು ಹಾಕಲು ಹೋದಳು. ನಾನು ಅವಳು ಕವುಚಿಟ್ಟಿದ್ದ ಮಂಕರಿ ಎತ್ತಿ, ಒಳಗಿದ್ದ ಹುಂಜವನ್ನು ಕಂಕುಳಲ್ಲಿ ಒತ್ತಿ ಹಿಡಿದು, ಬಾಲದ ಗರಿಗಳನ್ನು ಕಿತ್ತು ತಿಪ್ಪೆಗೆ ಹಾಕಿದೆ. ಪಾಪ ಅನ್ನಿಸಲಿಲ್ಲ. ಸುಳ್ಳೇಕೆ, ಖುಷಿಯಾಯಿತು.

ಮಾರನೆಯ ದಿನ ನನ್ನ ಹುಂಜ ಕಾಲು ಕಟ್ಟಿಸಿಕೊಂಡು ನಡುಮಧ್ಯೆ ಕೂತಿತ್ತು. ಕೋಮಲಾ ಬರಿಗೈಲಿ ಬಂದು ಪಕ್ಕದಲ್ಲಿ ನಿಂತಳು.

"ಯಾಕೆ, ಏನೂ ತಂದಿಲ್ವಾ?" ಅಂದೆ.

"ಹುಂಜದ ಬಾಲ ಕಿತ್ತೋಗೈತೆ ಕಣಕ್ಕ. ಊನ ಆಗಿರದ್ನ ಎಂಗ್ ತರದು?"

ಪಾಸ್ಟರ್ ಎದ್ದುನಿಂತರು. "ಆ ಕಾಲದಲ್ಲಿ ಬಲಿ ತಂದವನು ಪ್ರಾಣಿಯ ತಲೆ ಮೇಲೆ ಕೈ ಇಡುತ್ತಿದ್ದ. ಇದರ ಜಾಗದಲ್ಲಿ ಇರಬೇಕಾದವನು ನಾನು ಅಂತ ಅದರ ಅರ್ಥ. ಈಗ ರಕ್ತ ಬೇಕಿಲ್ಲ, ಯೇಸುಸ್ವಾಮಿ ಒಂದೇ ಸಲಕ್ಕೆ ತನ್ನನ್ನೇ ಕೊಟ್ಟುಬಿಟ್ಟರು. ಈಗ ದೇವರು ನೋಡುವುದು ನೀವು ತಂದದ್ದನ್ನಲ್ಲ, ತಂದ ನಿಮ್ಮನ್ನು. ಎಲ್ಲರೂ ನಿಮ್ಮ ನಿಮ್ಮ ಕಾಣಿಕೆಯ ಮೇಲೆ ಕೈ ಇಡಿ."

ಬಗ್ಗಿ ಹುಂಜದ ತಲೆ ಮೇಲೆ ಕೈ ಇಟ್ಟೆ. ಅದರ ಒಂದು ಗರಿಯೂ ಮುಕ್ಕಾಗಿರಲಿಲ್ಲ. ಮುಕ್ಕಾದದ್ದು ಎಲ್ಲಿ ಅಂತ ನನಗೊಬ್ಬಳಿಗೇ ಗೊತ್ತು ಅಂದುಕೊಂಡೆ.

"ಅಕ್ಕ, ನಂದು ಏನೂ ಇಲ್ಲ. ನಿಂದ್ರ ಮ್ಯಾಲೇ ನಾನೂ ಕೈ ಮಡಗ್ಲಾ?" ಅಂತ ಕೋಮಲಾ ಮೆಲ್ಲಗೆ ಕೇಳಿದಳು. ನಾನು ಹೂಂ ಅನ್ನುವ ಮೊದಲೇ ಅವಳ ಕೈ ನನ್ನ ಕೈಮೇಲೆ ಬಂದಿತ್ತು.

"ಬಾಲ ಕಿತ್ತಿದ್ದು ನಾನು ಕಣೆ" ಅಂದೆ.

"ಗೊತ್ತು ಕಣಕ್ಕ. ನೆನ್ನೆ ಸಂಜೆ ನಿನ್ ಸೆರಗ್ನಾಗೆ ಒಂದ್ ಗರಿ ಸಿಕ್ಕಾಕ್ಕಂಡಿತ್ತು."

ಅಷ್ಟು ಹೇಳಿ ಕಣ್ಣು ಮುಚ್ಚಿದಳು. ಕೈ ತೆಗೆಯಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಗರಿ ಹಿಡಿದು ಇಡೀ ಸಭೆಗೆ ತೋರಿಸುತ್ತಿದ್ದೆ.

ಏಳು ವರ್ಷ ಅವಳ ಜಾಗಕ್ಕೆ ಹೊಟ್ಟೆ ಉರಿದುಕೊಂಡೆ. ಈಗ ಜಾಗ ನನ್ನದಾಗಿದೆ, ಹೊಟ್ಟೆಕಿಚ್ಚು ಅವಳ ಆ ಕೈಮೇಲೆ.