ಎಂಟು ಹಸುವಿನ ವಾಕ್ಯ

ಬಾಯಿಗೆತ್ತಿದ ಮುದ್ದೆಯನ್ನು ಸಿದ್ದಪ್ಪ ಮತ್ತೆ ತಟ್ಟೆಗಿಟ್ಟ.

“ಇನ್ನೊಂದ್ ಸಲ ಹೇಳು. ಏನ್ ಬರ್ದೆ?”

“ನಮ್ಮನೇಲಿ ಎಂಟ್ ಹಸ ಅವೆ ಅಂತ,” ಎಂದಳು ಹತ್ತು ವರ್ಷದ ಮಗಳು ಅಂಬಮ್ಮ. “ಇಂಗ್ಲೀಷಲ್ಲಿ. ಮೇಷ್ಟ್ರು ಮೂರು ವಾಕ್ಯ ಬರೀರಿ ಅಂದ್ರು. ಮನೇಲಿ ಏನೈತೋ ಅದನ್ನೇ ಬರೀಬೇಕಂತೆ.”

ಅವರ ಊರು ಯಗಟಿಯಲ್ಲಿ ದನವನ್ನು ಎಣಿಸಿ ಹೇಳುವವರು ಯಾರೂ ಇರಲಿಲ್ಲ. ಎಷ್ಟಿವೆ ಎಂದು ನೆಂಟರು ಕೇಳಿದರೂ ‘ಅವೆ, ಬಸವಣ್ಣನ ದಯ’ ಎನ್ನುವುದೇ ವಾಡಿಕೆ. ಎಣಿಸಿದರೆ ಕಣ್ಣು ತಾಗುತ್ತದೆ. ಸಿದ್ದಪ್ಪನಿಗೆ ಅದರ ಮೇಲೆ ಇನ್ನೊಂದು ದಿಗಿಲು. ಸರ್ಕಾರದ ಹುಲ್ಲುಗಾವಲಾದ ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯಿಸಲು ಅವನಿಗಿದ್ದ ಪರವಾನಗಿ ನಾಲ್ಕು ಹಸುವಿನದು. ಹೋಗುತ್ತಿದ್ದವು ಎಂಟು. ಗೊತ್ತಾದರೆ ಎಂಟನ್ನೂ ಹಿಡಿದು ದೊಡ್ಡಿಗೆ ಹಾಕುತ್ತಾರೆ, ಪರವಾನಗಿಯೂ ಹೋಗುತ್ತದೆ. ಬೇಸಿಗೆಯಲ್ಲಿ ಬೇರೆ ಕಡೆ ಹುಲ್ಲುಕಡ್ಡಿಯೂ ಸಿಗುವುದಿಲ್ಲ.

ಈ ತಮ್ಮಯ್ಯ ಮೇಷ್ಟ್ರು ತರೀಕೆರೆ ಕಡೆಯಿಂದ ಬಂದು ಹದಿನೈದು ದಿನವಾಗಿತ್ತು. ಊರಾಚೆಯ ಮಂಟಪದಲ್ಲಿ ಒಬ್ಬರೇ ಇರುತ್ತಿದ್ದರು. ಯಾರ ಜಗಲಿಯ ಮೇಲೂ ಕೂರುತ್ತಿರಲಿಲ್ಲ, ತಮ್ಮ ಮನೆಯ ಸುದ್ದಿ ಎತ್ತುತ್ತಿರಲಿಲ್ಲ. ಸಂಜೆಯಾದರೆ ಮಕ್ಕಳ ಪುಸ್ತಕಗಳನ್ನು ಕಂಕುಳಲ್ಲಿ ಇರುಕಿಕೊಂಡು ನಡೆದುಬಿಡುವರು. ಇಂಗ್ಲೀಷು ಕಲಿಸುವವನಿಗೆ ಕಂಡವರ ಮನೆಯ ಹಸು ಯಾಕೆ ಬೇಕು? ಆನೆ ಅಂತ ಬರೆಸಲಿ, ಒಂಟೆ ಅಂತ ಬರೆಸಲಿ. ಇವನು ಪರವಾನಗಿ ಕೊಡುವ ಅಮಲ್ದಾರರ ಕಡೆಯವನೇ ಸೈ ಎಂದು ಸಿದ್ದಪ್ಪ ಉಣ್ಣುತ್ತಲೇ ತೀರ್ಮಾನಿಸಿದ.

“ಇನ್ನೊಂದ್ ಸಲ ಬರ್ಸುದ್ರೆ, ನಮ್ಮನೇಲಿ ಹಸ ಇಲ್ಲ ಅಂತ ಬರಿ. ಒಂದೂ ಇಲ್ಲ.”

ಹೆಂಡತಿ ಲಿಂಗಮ್ಮ ಸೌಟು ಕೆಳಗಿಟ್ಟಳು. “ಇರೋದನ್ನ ಇಲ್ಲ ಅನ್ನಿಸ್ಬ್ಯಾಡಿ ಮಗೀನ ಕೈಲಿ. ಸೂರಿನ ಮೇಲೆ ಅಸ್ತು ದೇವ್ತೆ ಕೂತಿರ್ತಾವೆ, ಅಂದದ್ದಕ್ಕೆಲ್ಲ ಅಸ್ತು ಅಂದ್ಬಿಡ್ತಾವೆ.”

“ಅವಕ್ಕೆ ಇಂಗ್ಲೀಷ್ ಬತ್ತದೇನೇ? ಸುಮ್ಕಿರು.”

ವಾರ ಕಳೆದು, ಮನೆಯಲ್ಲಿ ಏನಿದೆ ಎಂದು ಬರೆಯುವ ಪಾಠ ಮತ್ತೆ ಬಂತು. ಅಂಬಮ್ಮ ಅಪ್ಪ ಹೇಳಿದಂತೆಯೇ ಬರೆದಳು.

“ಮೇಷ್ಟ್ರು ಏನಂದ್ರು?” ಎಂದು ಸಿದ್ದಪ್ಪ ಬಾಗಿಲಲ್ಲೇ ಹಿಡಿದು ಕೇಳಿದ.

“ಏನೂ ಅನ್ಲಿಲ್ಲ. ಎರಡ್ ಸಲ ಓದುದ್ರು. ನಿಮ್ಮನೆ ಯಾವ ಬೀದೀಲಿ ಅಂತ ಕೇಳುದ್ರು.”

ಸಿದ್ದಪ್ಪ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಜಗಲಿಗೂ ಕೊಟ್ಟಿಗೆಗೂ ಓಡಾಡಿದ. ಹೊತ್ತು ಮುಳುಗುವ ಮುಂಚೆ ಮೇಷ್ಟ್ರು ಬಂದೇಬಿಟ್ಟರು. ಕೈಯಲ್ಲಿ ಪುಸ್ತಕವಿರಲಿಲ್ಲ, ಎಲೆ ಮುಚ್ಚಿದ ಒಂದು ಚೊಂಬಿತ್ತು.

“ಹೋದ ವಾರ ಎಂಟು ಅಂತ ಬರ್ದಿದ್ಲು. ಇವತ್ತು ಒಂದೂ ಇಲ್ಲ ಅಂತ ಬರ್ದಿದಾಳೆ,” ಎಂದರು ತಗ್ಗಿದ ದನಿಯಲ್ಲಿ. “ನಮ್ಮನೇಲೂ ಹಿಂಗೇ ಆಯ್ತು ಕಣ್ರೀ. ದನಕ್ಕೆಲ್ಲ ದೊಡ್ಡರೋಗ ಬಂದು ವಾರದೊಳಗೆ ಕೊಟ್ಟಿಗೆ ಬರಿದಾಗೋಯ್ತು. ನಮ್ಮಪ್ಪ ಆಮೇಲೆ ಮಾತೇ ಆಡ್ಲಿಲ್ಲ. ಒಂದಿಷ್ಟು ಹಾಲು ತಂದಿದೀನಿ. ಮಗೀಗೆ ಕೊಡಿ.”

ಸಿದ್ದಪ್ಪ ಬಾಯಿ ತೆರೆಯುವಷ್ಟರಲ್ಲಿ ಬೀದಿಯ ತುದಿಯಲ್ಲಿ ಗಂಟೆಯ ಸದ್ದಾಯಿತು. ಹಸುಗಳು ಕಾವಲಿನಿಂದ ಮನೆಗೆ ಬರುತ್ತಿದ್ದವು. ಆ ಮನೆಯಲ್ಲಿ ದನಕ್ಕೂ ಜನಕ್ಕೂ ಒಂದೇ ಬಾಗಿಲು. ತಡೆಯುವುದು ಹೇಗೆ? ಒಂದರ ಹಿಂದೊಂದು ಮೇಷ್ಟ್ರ ಪಂಚೆ ಸವರಿಕೊಂಡು ಒಳಗೆ ಹೋದವು. ಕೊನೆಯದು ನಿಂತು ಚೊಂಬನ್ನು ಮೂಸಿ ಹೋಯಿತು.

ಸಿದ್ದಪ್ಪ ಮೇಷ್ಟ್ರ ತುಟಿಯನ್ನೇ ನೋಡಿದ, ಎಣಿಸುತ್ತಿದ್ದಾನೇನೋ ಎಂದು. ತುಟಿ ಅಲ್ಲಾಡಲಿಲ್ಲ. ಕಣ್ಣಲ್ಲಿ ನೀರಾಡಿತ್ತು.

“ಅವೆಯಲ್ಲ, ಸದ್ಯ,” ಎಂದರು ಅವರು. ಹುಡುಗಿ ಸುಳ್ಳು ಯಾಕೆ ಬರೆದಳೆಂದು ಕೇಳಲಿಲ್ಲ. ಚೊಂಬನ್ನು ಜಗಲಿಯ ಮೇಲಿಟ್ಟು ಹೊರಟುಹೋದರು.

ನೆಲ ಬಾಯಿ ಬಿಡಬಾರದೇ ಎನಿಸಿತು ಸಿದ್ದಪ್ಪನಿಗೆ. ಆದರೂ ಅನುಮಾನದ ಹುಟ್ಟುಗುಣ ಸುಟ್ಟರೂ ಹೋಗದು ನೋಡಿ. ಮಗಳಿಗೆ ಕೊಡುವ ಮುನ್ನ ಎಲೆ ಸರಿಸಿ ತಾನೇ ಒಂದು ಗುಟುಕು ಕುಡಿದ. ಎಲ್ಲೋ ಕೊಂಡು ತಂದ ಹಾಲು, ಅರ್ಧಕ್ಕರ್ಧ ನೀರು. ಚೊಂಬಿಗೆ ಮತ್ತೆ ಎಲೆ ಮುಚ್ಚಿ ಮಗಳ ಕೈಗೆ ಕೊಟ್ಟ.

“ನಾಳೆ ಸರಿಯಾಗಿ ಬರಿ ಅಂಬಮ್ಮ,” ಎಂದ.

“ಎಷ್ಟು ಅಂತ ಬರೀಲಪ್ಪಾ?”

ಆ ಸಂಖ್ಯೆ ಅವನ ನಾಲಿಗೆಗೆ ಬರಲಿಲ್ಲ. ಹುಟ್ಟಿದಂದಿನಿಂದ ದನದ ಲೆಕ್ಕ ಬಾಯಲ್ಲಿ ಹೇಳಿದವನಲ್ಲ. “ಒಳಕ್ಕೋಗಿ ನೀನೇ ನೋಡ್ಕ,” ಎಂದು ಬೀದಿಯ ಕಡೆ ಮುಖ ಮಾಡಿ ನಿಂತ. ಬೆನ್ನ ಹಿಂದೆ ಮಗಳು ಒಂದೊಂದೇ ಹಸುವಿನ ಮೈ ಮುಟ್ಟುತ್ತಾ ಇಂಗ್ಲೀಷಿನಲ್ಲಿ ಎಣಿಸತೊಡಗಿದಳು. ಸಿದ್ದಪ್ಪನಿಗೆ ಆ ಎಣಿಕೆ ಬಾರದು. ಅವಳು ನಿಲ್ಲಿಸುವ ತನಕ ಉಸಿರು ಬಿಗಿಹಿಡಿದು ಬೀದಿಯನ್ನೇ ನೋಡುತ್ತಿದ್ದ.