ದಪ್ಪ ಡಾಫ್ ಹಿಡಿಸದ ಗೇಟು

ರಿಂಜೆ ತೀರಿಕೊಂಡ ಮೇಲೂ ಅವನ ಅಡುಗೆಮನೆಯಲ್ಲಿ ಲಾರಿಗಳ ಮಾತು ನಿಲ್ಲಲಿಲ್ಲ. ಶೆಡ್ಡಿನಲ್ಲಿದ್ದ ಡಾಫ್ ಕಂಪನಿಯ ಹಳೆಯ ಸೇನಾ ಲಾರಿಯ ಮೇಲೆಯೇ ತನ್ನ ಶವಪೆಟ್ಟಿಗೆ ಹೋಗಬೇಕು ಅಂತ ಹೇಳಿ ಸತ್ತಿದ್ದ. ಸೈನ್ಯದಲ್ಲಿದ್ದವರು ಅದಕ್ಕೆ ದಪ್ಪ ಡಾಫ್ ಅನ್ನುತ್ತಿದ್ದರು. ಈಗ ನೋಡಿದರೆ ಅದರ ಅಗಲ ಎರಡು ಮೀಟರ್ ನಲವತ್ತು, ಸ್ಮಶಾನದ ಗೇಟು ಎರಡು ಇಪ್ಪತ್ತು.

"ಗೇಟಿನ ಹತ್ರ ಇಳಿಸಿ ಹೊತ್ಕೊಂಡು ಹೋದ್ರಾಯ್ತಲ್ಲಮ್ಮ," ಅಂದಳು ಮಗಳು ನಿಂಕೆ.

"ಯಾರು ಹೊರ್ತಾರೆ? ನಿಮ್ಮಪ್ಪನ ಸ್ನೇಹಿತರಲ್ಲಿ ಮಂಡಿ ಗಟ್ಟಿ ಇರೋನು ಒಬ್ಬನ್ನ ತೋರ್ಸು," ಅಂದಳು ರಿಂಜೆಯ ಹೆಂಡತಿ ತ್ರೀನ್.

ತ್ರೀನ್‌ಗೆ ವಾದ ಮಾಡಲೂ ಶಕ್ತಿಯಿರಲಿಲ್ಲ. ಹಾಸಿಗೆ ಹಿಡಿದ ಗಂಡನನ್ನು ಎತ್ತಿ, ತೊಳೆದು, ಮಗ್ಗುಲು ಬದಲಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಕೋಟು ಹಾಕಿಕೊಂಡು ಸೈಕಲ್ ಹತ್ತಿದಳು.

ಅವಳು ಹೋದಾಗ ವೀಬ್ರನ್ ತನ್ನ ಮನೆಯಂಗಳದಲ್ಲಿ ಡಾಫ್ ಕಂಪನಿಯದೇ ಚಿಕ್ಕ ಸೇನಾ ಗಾಡಿಯನ್ನು, ಅಂದರೆ YA-126 ಅನ್ನು, ತೊಳೆಯುತ್ತಿದ್ದ. ಒಂದು ಕಾಲದಲ್ಲಿ ರಿಂಜೆಯ ಜೀವದ ಗೆಳೆಯ. ಹಳೇ ಗಾಡಿಗಳ ಮೇಳವೊಂದರಲ್ಲಿ, ಎಲ್ಲರೆದುರು ರಿಂಜೆಗೆ, "ನಿಂದು 318 ಅಲ್ಲ ಮಾರಾಯ, 328" ಅಂದುಬಿಟ್ಟಿದ್ದ. 318 ಅಂದರೆ ದಪ್ಪ ಡಾಫ್‌ನ ಮೊದಲ ಮಾದರಿ, ಅಪರೂಪದ್ದು. 328 ಬೇಕಾದಷ್ಟು ಸಿಗುತ್ತದೆ. ಅವತ್ತಿಂದ ರಿಂಜೆ ಅವನ ಮುಖ ನೋಡಿರಲಿಲ್ಲ.

"ನಿನ್ನ ಗಾಡಿ ಬೇಕಿತ್ತು, ವೀಬ್ರನ್."

"ಅವನಿಗಾ? ಇದನ್ನ ಬಿಸ್ಕತ್ ಡಬ್ಬಿ ಅಂತಿದ್ದ."

"ನಾನೂ ಕೇಳಿ ಕೇಳಿ ಸಾಕಾಗಿದೀನಿ. ಸ್ಮಶಾನದ ಗೇಟು ಎರಡು ಇಪ್ಪತ್ತು. ಹೋಗತ್ತಾ, ಹೇಳು."

"ಎರಡು ಹತ್ತು ಅಗಲ. ಆ ಕಡೆ ಐದು ಸೆಂಟಿಮೀಟರ್, ಈ ಕಡೆ ಐದು. ಹೋಗತ್ತೆ. ಆದ್ರೆ ಹಿಂದಿನ ಹಲಗೆ ಇಳಿಸೇ ಇಡ್ಬೇಕು. ಉದ್ದ ಆಸಾಮಿ ಅವನು."

ತ್ರೀನ್ ಮೆಟ್ಟಿಲ ಮೇಲೆ ಕೂತಳು.

"ಅವನದು 328 ಅನ್ನೋದು ನಿಜ. ಅವನಿಗೂ ಗೊತ್ತಿತ್ತು. ಬೇರೆ ಗಾಡಿಯ 318 ಅಂತಿರೋ ತಗಡು ತಂದು ಹೊಡೀವಾಗ ಟಾರ್ಚ್ ಹಿಡಿದೋಳು ನಾನೇ."

ವೀಬ್ರನ್ ಕೈಯಲ್ಲಿನ ಬಟ್ಟೆಯಿಂದ ನೀರು ಬೂಟಿನ ಮೇಲೆ ಸುರಿಯುತ್ತಲೇ ಇತ್ತು.

"ಅಷ್ಟು ವರ್ಷ ಕಣೇ, ತ್ರೀನ್. ಅಂಗಡೀಲಿ ಕಂಡ್ರೂ ಮುಖ ತಿರುಗಿಸ್ಕೊಂಡು ಹೋಗ್ತಿದ್ದ. ನೀನಾದ್ರೂ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು. ಮನೇಲಿ ಅವನ ಜೊತೆ ಇರ್ಬೇಕಾಗಿದ್ದೋಳು ನಾನು."

ಅವನು ಬಟ್ಟೆ ಹಿಂಡಿ ಮತ್ತೆ ಗಾಡಿ ಒರೆಸತೊಡಗಿದ. ಅವಳು ಎದ್ದು ಸೈಕಲ್ ಹಿಡಿದುಕೊಂಡಳು. ಬರಲ್ಲ ಅಂದರೂ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಕೊನೆಗೆ ಅವನು ಬಕೆಟ್‌ನ ನೀರು ಚೆಲ್ಲಿ, "ಎಷ್ಟೊತ್ತಿಗೆ ತರ್ಲಿ?" ಅಂದ.

ಶುಕ್ರವಾರ, ಮಣ್ಣು ಮಾಡುವ ದಿನ, ಗಾಳಿ ಜೋರಾಗಿತ್ತು. ಗೇಟಿನ ಹತ್ತಿರ ವೀಬ್ರನ್ ಕನ್ನಡಿಗಳನ್ನು ಒಳಕ್ಕೆ ಮಡಚಿ, ಎರಡೂ ಕಂಬಗಳ ಮೇಲೆ ಕಣ್ಣಿಟ್ಟು ಮೆಲ್ಲಗೆ ಗಾಡಿ ಬಿಟ್ಟ. ಹಗ್ಗ ಬಿಗಿದ ಪೆಟ್ಟಿಗೆ ಹಿಂದಕ್ಕೆ ಒಂದು ಮೊಳ ಚಾಚಿತ್ತು. ಕಂಬಕ್ಕೆ ಏನೂ ತಾಗಲಿಲ್ಲ. ಮಣ್ಣು ಹಾಕುವಾಗ ಅವನು ಎಲ್ಲರಿಗಿಂತ ಹಿಂದೆ, ಟೋಪಿ ತೆಗೆದು ನಿಂತಿದ್ದ.

ಮಣ್ಣಿಗೆ ಬಂದವರ ಕಾಫಿ, ಕೇಕು ಮುಗಿದ ಮೇಲೆ ಅವನೇ ತ್ರೀನ್‌ಳನ್ನು ಮನೆಗೆ ಬಿಡಲು ಹೊರಟ. ಎಂಜಿನ್ ಸದ್ದಿಗೆ ಮಾತಾಡುವ ಹಾಗೇ ಇರಲಿಲ್ಲ. ಅವಳಿಗೆ ಅದೇ ಹಿತವಾಗಿತ್ತು. ಮನೆಯ ತಿರುವು ಬಂದಾಗ ಅವನ ತೋಳು ಮುಟ್ಟಿ, ಮುಂದಕ್ಕೆ ಹೋಗು ಅಂತ ಕೈ ತೋರಿಸಿದಳು. ವೀಬ್ರನ್ ಗೇರು ಬದಲಿಸಿ, ಸಮುದ್ರದ ಒಡ್ಡಿನ ರಸ್ತೆಗೆ ಗಾಡಿ ಬಿಟ್ಟ.