ಗೋಡೆ ಅಕ್ಕನ ಮನೆಯಲ್ಲಿ ಸಾಕ್ಷಿ

ಕೋರ್ಟಿನಲ್ಲಿ ಅವಳಿಗೆ ಗೋಡೆ ಅಕ್ಕ ಎಂದೇ ಹೆಸರು. ಏಟು ತಿಂದವರು ಸಾಕ್ಷಿ ಹೇಳಲು ಬಂದಾಗ ಅವರಿಗೂ ಏಟು ಕೊಟ್ಟವನಿಗೂ ನಡುವೆ ಅಡ್ಡವಾಗಿ ಕೂರುವುದೇ ಅವಳ ಉದ್ಯೋಗ. ಮೈಕಟ್ಟೂ ಅದಕ್ಕೆ ಒದಗಿ ಬಂದಿತ್ತು. ಸಾಂಕ್ರಾಮಿಕ ರೋಗ ಬಂತು, ಕೋರ್ಟು ಕಂಪ್ಯೂಟರಿನೊಳಗೆ ಹೋಯಿತು, ಅವಳ ಕಚೇರಿಗೆ ಬೀಗ ಬಿತ್ತು. ಇನ್ನು ನೆರವೆಲ್ಲ ಫೋನಿನಲ್ಲೇ ಎಂದು ಹೇಳಿ ಮೇಲಿನವರು ಕೈತೊಳೆದುಕೊಂಡರು. ಗೋಡೆ ಅಕ್ಕ ಒಂಟಿ ಹೆಂಗಸು. ಎರಡು ಕೋಣೆಯ ಮನೆಯಲ್ಲಿ ಕೂತು ದಿನವೆಲ್ಲ ಬೇರೆಯವರಿಗೆ ಧೈರ್ಯ ಹೇಳುತ್ತಿದ್ದಳು. ಫೋನಿಟ್ಟ ಮೇಲೆ ಮನೆ ಬಿಕೋ ಎನ್ನುತ್ತಿತ್ತು.

ಅಷ್ಟರಲ್ಲಿ ಟೈಲರ್ ಹುಡುಗಿಯೊಬ್ಬಳ ಕೇಸಿನ ವಿಚಾರಣೆ ಬಂತು. ಅಂಗಡಿಗೆ ನುಗ್ಗಿ, ಅವಳದೇ ಕತ್ತರಿಯಿಂದ ಅವಳ ಭುಜಕ್ಕೆ ಇರಿದವನ ಮೇಲಿನ ಮೊಕದ್ದಮೆ. ನೋಡಿದವರು ಬೇರೆ ಯಾರೂ ಇಲ್ಲ. ಅವಳು ಬಾಯಿ ಬಿಡದಿದ್ದರೆ ಆ ಪುಣ್ಯಾತ್ಮ ಆರಾಮಾಗಿ ಹೊರಗೆ ಬರುತ್ತಿದ್ದ. ಸಾಕ್ಷಿಯನ್ನು ಮನೆಯಿಂದಲೇ ಹೇಳಬಹುದು, ಆದರೆ ಪರದೆಯ ಮೇಲೆ ಎಲ್ಲರ ಮುಖವೂ ಕಾಣಬೇಕು ಎಂದು ನ್ಯಾಯಾಧೀಶರ ಅಪ್ಪಣೆ. ಮನೆಯಿಂದಾದರೆ ಸುಲಭವಲ್ಲವೇ ಎಂದು ಗೋಡೆ ಅಕ್ಕ ಹುಡುಗಿಯನ್ನು ಫೋನಿನಲ್ಲಿ ಕೇಳಿದಳು.

"ಅಂಗಡಿಯಂತೂ ಬಿಟ್ಟಾಯ್ತು ಅಕ್ಕಾ. ಅವನು ಕಾಲಿಡದೇ ಇರೋ ಜಾಗ ಅಂದ್ರೆ ಈ ಮನೆ ಒಂದೇ. ಇಲ್ಲಿಗೂ ಅವನ ಮುಖ ಬಂದ್ರೆ ನಾನು ಎಲ್ಲಿ ಮಲಗಲಿ?"

ಗೋಡೆ ಅಕ್ಕ ಹಾಗಾದರೆ ನಮ್ಮನೆಗೇ ಬಾ ಎಂದುಬಿಟ್ಟಳು. ಅವರಿವರಿಗೆ ದುಂಬಾಲು ಬಿದ್ದು ಓಡಾಟದ ಪಾಸೂ ಕೊಡಿಸಿದಳು.

ಹುಡುಗಿ ಬಂದಳು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, ಸಾಕ್ಷಿ ಹೇಳುವಾಗ ಒಳಗೆ ಬೇರೆ ಯಾರೂ ಇರಕೂಡದೆಂದು ಗೋಡೆ ಅಕ್ಕ ಬಾಗಿಲಾಚೆ ಮೆಟ್ಟಿಲ ಮೇಲೆ ಕೂತಳು. ಒಳಗಿಂದ ಮೊದಲು ಕೇಳಿದ್ದು ಲ್ಯಾಪ್‌ಟಾಪಿನಲ್ಲಿ ಆ ಇರಿದವನ ಕೆಮ್ಮು. ತನ್ನ ಮನೆಯೊಳಗೆ ಅವನು ಕೆಮ್ಮುತ್ತಿದ್ದಾನೆ ಎಂದು ಅವಳ ಮೈ ಉರಿಯಿತು. ಆಮೇಲೆ ಹುಡುಗಿಯ ದನಿ ಕೇಳಿಸಿತು. ಮೊದಲು ತಡವರಿಸಿತು, ಆಮೇಲೆ ಎಲ್ಲೂ ನಿಲ್ಲಲಿಲ್ಲ.

ಮುಗಿಸಿ ಬಂದ ಹುಡುಗಿ ಮಾಸ್ಕ್ ಸರಿಮಾಡಿಕೊಳ್ಳುತ್ತಾ ಬಾಗಿಲಲ್ಲಿ ನಿಂತಳು.

"ನನ್ನಿಂದಾಗಿ ಅವನು ನಿಮ್ಮ ಮನೆಗೆ ಬಂದ ಹಾಗಾಯ್ತು."

"ಬರ್ಲಿ ಬಿಡು. ಈ ರೋಗ ಶುರುವಾದಾಗಿಂದ ನಮ್ಮನೆಗೆ ಇನ್ಯಾರು ಬಂದಿದ್ದಾರೆ?"

ತಮಾಷೆಗೆ ಅಂದದ್ದು. ಇಬ್ಬರಿಗೂ ನಗು ಬರಲಿಲ್ಲ. ಹುಡುಗಿ ಅವಳ ಕೈ ಹಿಡಿಯಲು ಬಗ್ಗಿದಳು, ರೋಗ ನೆನಪಾಗಿ ಅಲ್ಲೇ ತಡೆದುಕೊಂಡಳು, ಬರ್ತೀನಕ್ಕಾ ಎಂದು ಇಳಿದು ಹೋದಳು. ಗೋಡೆ ಅಕ್ಕ ತನ್ನ ಮನೆಯೊಳಗೆ ಹೋಗಲಾರದೆ ಕತ್ತಲಾಗುವವರೆಗೂ ಮೆಟ್ಟಿಲ ಮೇಲೇ ಕೂತಿದ್ದಳು.